ಕೋಟಿಗಳ ಲೆಕ್ಕ ಸಾಕು, ಕಸುಬಿನ ಲೆಕ್ಕ ಕೊಡಿ

ಹೂಡಿಕೆದಾರರ ಸಮಾವೇಶ ಮುಗಿದ ಮರುದಿನ ಎಷ್ಟು ಲಕ್ಷ ಕೋಟಿಗೆ ಒಡಂಬಡಿಕೆಯಾಯಿತು ಎಂಬುದೇ ದೊಡ್ಡ ಸುದ್ದಿ. ವಿದೇಶಿ ಕಂಪನಿ ಬಂದರೆ ಉತ್ಪಾದಕತೆಯೂ ರಫ್ತೂ ತಾವಾಗಿಯೇ ಏರುತ್ತವೆ ಎಂಬ ನಂಬಿಕೆ ಅದರ ಹಿಂದಿದೆ. ಇದು ಅರ್ಧ ನಿಜ. ಹೊರಗಿನವರು ಮೊದಲೇ ಚೆನ್ನಾಗಿ ನಡೆಯುತ್ತಿರುವ ಕಾರ್ಖಾನೆಯನ್ನೇ ಆರಿಸಿ ಕೊಳ್ಳುತ್ತಾರೆ, ಅದರಲ್ಲಿ ಅವರ ಹೆಚ್ಚುಗಾರಿಕೆ ಏನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆರ್ನಾಲ್ಡ್ ಮತ್ತು ಯಾವೊರ್ಚಿಕ್ ಎಂಬ ಅರ್ಥಶಾಸ್ತ್ರಜ್ಞರು ಇಂಡೊನೇಷ್ಯಾದಲ್ಲಿ ವಿದೇಶಿಯರ ಪಾಲಾದ ಕಾರ್ಖಾನೆಗಳನ್ನು, ಬಹುಮಟ್ಟಿಗೆ ಅವನ್ನೇ ಹೋಲುತ್ತಿದ್ದ ಸ್ಥಳೀಯ ಒಡೆತನದ ಕಾರ್ಖಾನೆಗಳ ಜೊತೆಗಿಟ್ಟು ನೋಡಿದರು. ಮೂರು ವರ್ಷಗಳಲ್ಲಿ ಮೊದಲಿನವುಗಳ ಉತ್ಪಾದಕತೆ ಸುಮಾರು ಶೇ 13ರಷ್ಟು ಮುಂದೆ ಹೋಗಿತ್ತು.

ಕಾಂಪೌಂಡಿನ ಹೊರಗಿನ ಕತೆ ಬೇರೆ. ವೆನೆಜುವೆಲಾದ ಕಾರ್ಖಾನೆಗಳ ಬಗ್ಗೆ ಏಟ್ಕನ್ ಮತ್ತು ಹ್ಯಾರಿಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದೇಶಿ ಪಾಲು ಬಂದ ಸಣ್ಣ ಕಾರ್ಖಾನೆಗಳು ಸುಧಾರಿಸಿದ್ದವು. ಅದೇ ಉದ್ಯಮದ ಸ್ಥಳೀಯರು ಮಾತ್ರ ಮಾರುಕಟ್ಟೆ ಕಳೆದುಕೊಂಡು ಹಿಂದೆ ಬಿದ್ದಿದ್ದರು. ಲಿಥುವೇನಿಯಾದಲ್ಲಿ ಲಾಭ ಕಂಡವರು ಪೈಪೋಟಿಗಿಳಿದವರಲ್ಲ, ವಿದೇಶಿ ಕಂಪನಿಗಳಿಗೆ ಸರಕು ಒದಗಿಸಿದವರು. ಅಲ್ಲೂ ಸ್ಥಳೀಯರ ಪಾಲುದಾರಿಕೆ ಇದ್ದ ಕಂಪನಿಗಳಿಂದಲೇ ಆ ಲಾಭ ಬಂದದ್ದು. ಇನ್ನು ಬಾಂಗ್ಲಾದೇಶದ್ದು ವಿದೇಶಿ ಒಡೆತನ ಬೇಕೆಂಬ ವಾದವನ್ನೇ ತಲೆಕೆಳಗು ಮಾಡುವ ಉದಾಹರಣೆ. 1979ರಲ್ಲಿ ದೇಶ್ ಗಾರ್ಮೆಂಟ್ಸ್ 130 ಮಂದಿಯನ್ನು ದಕ್ಷಿಣ ಕೊರಿಯಾದ ಡೇವೂ ಕಂಪನಿಯಲ್ಲಿ ತರಬೇತಿಗೆಂದು ಕಳಿಸಿತು. ಕಾರ್ಖಾನೆ ಬಾಂಗ್ಲಾದವರದೇ, ಡೇವೂಗೆ ಸಿಗುತ್ತಿದ್ದುದು ಒಪ್ಪಂದದಂತೆ ರಾಯಧನ ಮತ್ತು ಕಮಿಷನ್. ಕೆಲವೇ ವರ್ಷಗಳಲ್ಲಿ ಆ ತಂಡದ ನೂರಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಸ್ವಂತ ಕಾರ್ಖಾನೆ ತೆರೆದರು, ಇಲ್ಲವೇ ಬೇರೆಯವರ ಕಾರ್ಖಾನೆ ಸೇರಿದರು. ದೇಶ್ ಮಾಲೀಕರಿಗೆ ಅದು ನಷ್ಟವೇ ಇರಬೇಕು. ಆದರೆ ಬಾಂಗ್ಲಾದೇಶದ ರಫ್ತಿನಲ್ಲಿ ಇಂದು ಸಿದ್ಧ ಉಡುಪಿನ ಪಾಲು ಶೇ 80ಕ್ಕಿಂತ ಹೆಚ್ಚು.

ಅಂಗಿ ಹೊಲಿಯುವುದಕ್ಕೂ ಫೋನ್ ತಯಾರಿಸುವುದಕ್ಕೂ ಹೋಲಿಕೆಯೇ, ಒಡೆತನ ಕೈಯಲ್ಲಿಲ್ಲದೆ ಯಾವ ಕಂಪನಿ ತನ್ನ ತಂತ್ರಜ್ಞಾನ ತಂದೀತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು ಒಡೆತನ ಬಿಟ್ಟುಕೊಟ್ಟ ಮಾತ್ರಕ್ಕೆ ಕಸುಬು ಹರಡುವುದಿಲ್ಲ. ವಿಯೆಟ್ನಾಂ ರಫ್ತಿನ ಶೇ 70ಕ್ಕೂ ಹೆಚ್ಚು ಪಾಲು ವಿದೇಶಿ ಕಂಪನಿಗಳದು. ಸ್ಥಳೀಯ ಕಾರ್ಖಾನೆಗಳು ಅವುಗಳ ಪೂರೈಕೆ ಸರಪಳಿಯೊಳಗೆ ಕಾಲಿಡಲು ಇಂದಿಗೂ ಹೆಣಗುತ್ತಿವೆ. ನಮ್ಮಲ್ಲೇ 1982ರ ಒಪ್ಪಂದದಂತೆ ಮಾರುತಿಯಲ್ಲಿ ಸುಜುಕಿಗೆ ಸಿಕ್ಕಿದ್ದು ಶೇ 26ರ ಪಾಲು ಮಾತ್ರ. ಬಿಡಿಭಾಗಗಳನ್ನು ಹಂತಹಂತವಾಗಿ ಇಲ್ಲೇ ಮಾಡಿಸಬೇಕೆಂಬ ಷರತ್ತು ಇದ್ದುದರಿಂದ ಒಂದು ಬಿಡಿಭಾಗ ಉದ್ಯಮವೇ ಬೆಳೆಯಿತು. ಅಂಥ ಕಡ್ಡಾಯ ಷರತ್ತಿಗೆ ಈಗ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ ಅಡ್ಡ ಬರುತ್ತದೆ, ನಿಜ. ತರಬೇತಿಗೆ, ಪೂರೈಕೆದಾರರನ್ನು ಬೆಳೆಸುವುದಕ್ಕೆ, ಲೆಕ್ಕ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಐಫೋನ್ ತಯಾರಿಸುತ್ತಿದೆ. ಭೂಮಿ, ನೀರು, ರಿಯಾಯಿತಿ ಪಡೆದ ಇಂಥ ಪ್ರತಿಯೊಂದು ಕಂಪನಿ ಪೀಣ್ಯದಿಂದ, ಬೆಳಗಾವಿಯ ಫೌಂಡ್ರಿಗಳಿಂದ, ಹುಬ್ಬಳ್ಳಿಯಿಂದ ಎಷ್ಟು ಕೊಂಡಿತು, ಇಲ್ಲಿಯ ಎಷ್ಟು ಮಂದಿ ಎಂಜಿನಿಯರುಗಳಿಗೆ ಯಾವ ಜವಾಬ್ದಾರಿ ಕೊಟ್ಟಿತು ಎಂಬುದನ್ನು ರಾಜ್ಯ ಸರ್ಕಾರ ವರ್ಷಕ್ಕೊಮ್ಮೆ ಪ್ರಕಟಿಸಲಿ. ಮುಂದಿನ ಸಮಾವೇಶಕ್ಕೆ ಚಪ್ಪರ ಹಾಕುವ ಮುನ್ನ ಮೊದಲ ವರದಿ ಹೊರಬರಲಿ.