ಒಡೆತನ ಬೇರೆ, ದಿನಬಳಕೆ ಬೇರೆ

ಕೋಟೆಯ ಗೋಡೆ ಎಷ್ಟೇ ಬಲವಾಗಿದ್ದರೂ ಹೆಬ್ಬಾಗಿಲಿನ ಬೀಗದಕೈ ಬಂದವರೆಲ್ಲರಿಗೂ ದೊರೆತರೆ ಫಲವೇನು? ಯಾದಗಿರಿಯ ಬೆಟ್ಟದ ಕೋಟೆಯನ್ನು ಕಂಡ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಯಾದಗಿರಿಯಲ್ಲಾಗಲಿ, ಶಹಾಪುರ, ಸುರಪುರಗಳಲ್ಲಾಗಲಿ, ಮನೆಯ ಕಂಪ್ಯೂಟರಿನ ಮುಂದೆ ಕುಳಿತಾಗ ನಮ್ಮಲ್ಲಿ ಅನೇಕರು ಈ ವಿವೇಕವನ್ನು ಮರೆಯುತ್ತೇವೆ.

ಕಂಪ್ಯೂಟರಿನಲ್ಲಿ ಎರಡು ಬಗೆಯ ಖಾತೆಗಳುಂಟು. ಅಡ್ಮಿನಿಸ್ಟ್ರೇಟರ್ ಖಾತೆಗೆ ಇಡೀ ಯಂತ್ರವನ್ನು ಮಾರ್ಪಡಿಸುವ ಅಧಿಕಾರವಿದೆ. ಸಾಮಾನ್ಯ ಖಾತೆಗೆ ಅದಿಲ್ಲ. ನಾವು ನಡೆಸುವ ಪ್ರೋಗ್ರಾಮಿಗೆ ನಾವು ಒಪ್ಪಿಸಿದ ಅಧಿಕಾರವೇ ಬರುತ್ತದೆ. ಅದು ದುಷ್ಟವಾಗಿದ್ದರೆ ಆ ಅಧಿಕಾರವೇ ಅದರ ಆಯುಧ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಯಂತ್ರವು ಅಡ್ಮಿನಿಸ್ಟ್ರೇಟರನನ್ನೂ ತಡೆದು ಅನುಮತಿ ಕೇಳುತ್ತದೆ. ಓದದೆಯೇ ‘ಯೆಸ್’ ಒತ್ತುವ ನಮ್ಮ ಅಭ್ಯಾಸ ಆ ಕಾವಲನ್ನು ವ್ಯರ್ಥಗೊಳಿಸುತ್ತದೆ.

ಪ್ರತಿಯೊಂದು ಪ್ರೋಗ್ರಾಮಿಗೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲೆಂದು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲಿಯೇ ಬರೆದರು. ಮನೆಗೂ ಇದೇ ನಿಯಮ ತಕ್ಕುದು. ಓದು, ಬರಹ, ಆಟಗಳಿಗೆ ಸಾಮಾನ್ಯ ಖಾತೆಯಿರಲಿ; ಅಡ್ಮಿನಿಸ್ಟ್ರೇಟರನ ಪಾಸ್‌ವರ್ಡ್ ಹೊಸ ಪ್ರೋಗ್ರಾಮನ್ನು ಸ್ಥಾಪಿಸುವಾಗ ಮಾತ್ರ ಹೊರಬರಲಿ. ಮನೆಯಲ್ಲಿ ಕಂಪ್ಯೂಟರನ್ನು ಚೆನ್ನಾಗಿ ಬಲ್ಲ ಮಗನಿಗೂ ಮಗಳಿಗೂ ಈ ಮಾತು ಅನ್ವಯಿಸುತ್ತದೆ.

ಪದೇ ಪದೇ ಪಾಸ್‌ವರ್ಡ್ ಕೊಡುವುದು ಬೇಸರವೆಂದು ಕೆಲವರು ಹೇಳಬಹುದು. ಆದರೆ ಆ ಕ್ಷಣದ ತಡೆಯೇ ಯೋಚಿಸಲು ನಮಗೊದಗುವ ಅವಕಾಶ. ಇದರಿಂದ ಎಲ್ಲ ಅಪಾಯವೂ ತಪ್ಪದೆಂಬುದು ನಿಜ. ನಮ್ಮ ಕಡತಗಳನ್ನು ಅಳಿಸಲು ನಮ್ಮ ಸಾಮಾನ್ಯ ಖಾತೆಯೇ ಸಾಕು. ಆದುದರಿಂದ ಅಂಕಪಟ್ಟಿ, ಟಿಪ್ಪಣಿ, ಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸಬೇಕು. ಅಧಿಕಾರವಿದ್ದೂ ಅದನ್ನು ಅಗತ್ಯಕ್ಕೆ ಮಾತ್ರ ಬಳಸುವವನೇ ಯಂತ್ರದ ನಿಜವಾದ ಒಡೆಯ.