ಹತ್ತಡಿ ಕೋಣೆಗೆ ಸಭಾಂಗಣದ ಯಂತ್ರವೇಕೆ?

ಸ್ವಂತ ಸಭಾಂಗಣ ಕಟ್ಟಿಸಿಕೊಂಡ ಹಿರಿಯ ಸಂಘಗಳ ಮಾತು ಬೇರೆ. ನಮ್ಮಂಥ ಹೊರನಾಡ ಸಂಘಗಳಿಗೆ ಸ್ವಂತದ್ದೆಂದರೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ. ಮಕ್ಕಳ ಕನ್ನಡ ತರಗತಿ, ಭಜನೆ, ಅಪರೂಪಕ್ಕೊಂದು ಚಲನಚಿತ್ರ ಎಲ್ಲವೂ ಅಲ್ಲೇ. ಆದರೆ ಪ್ರೊಜೆಕ್ಟರ್ ಕೊಳ್ಳುವ ಮಾತೆತ್ತಿದೊಡನೆ ನಮ್ಮ ಪದಾಧಿಕಾರಿಗಳ ಕಣ್ಮುಂದೆ ನಿಲ್ಲುವುದು ರಾಜ್ಯೋತ್ಸವದ ಬಾಡಿಗೆ ಸಭಾಂಗಣ! ಒಂದು ದಿನದ ವೈಭವಕ್ಕಾಗಿ ಐವತ್ತೊಂದು ಭಾನುವಾರಗಳನ್ನು ಬಲಿಗೊಡುವುದು ಯಾವ ನ್ಯಾಯ?

ಲೆಕ್ಕ ಸರಳವಾಗಿದೆ. ಯಂತ್ರಕ್ಕೂ ಪರದೆಗೂ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದೇ ಥ್ರೋ ರೇಷಿಯೊ. ಸಾಮಾನ್ಯ ಯಂತ್ರಕ್ಕೆ ಇದು 1.5ರ ಆಸುಪಾಸು, ಶಾರ್ಟ್ ಥ್ರೋ ಯಂತ್ರಕ್ಕೆ ಸುಮಾರು 0.4ರಿಂದ 1. ಕರ್ಣ 100 ಅಂಗುಲವಿರುವ ಅಗಲ ಚಿತ್ರದ ಅಡ್ಡಳತೆ ಸುಮಾರು ಏಳೂಕಾಲು ಅಡಿ. ಅದಕ್ಕೆ ಸಾಮಾನ್ಯ ಯಂತ್ರ ಹನ್ನೊಂದಡಿ ಹಿಂದೆ ಸರಿಯಬೇಕು, 0.5ರ ಶಾರ್ಟ್ ಥ್ರೋಗೆ ನಾಲ್ಕಡಿಯೊಳಗೆ ಸಾಕು. ಹನ್ನೆರಡಡಿಯ ಕೋಣೆಯಲ್ಲಿ ಹನ್ನೊಂದಡಿ ಯಂತ್ರಕ್ಕೇ ಹೋದರೆ ಜಮಖಾನದ ಮೇಲಿನ ಮಕ್ಕಳ ತಲೆಗಳೆಲ್ಲ ಬೆಳಕಿನ ದಾರಿಯಲ್ಲೇ! ಅಕ್ಷರ ತೋರಿಸಲು ನಿಂತ ಶಿಕ್ಷಕಿಯ ಕಣ್ಣಿಗೆ ಝಳ, ಅಕ್ಷರದ ಮೇಲೆ ಅವರದೇ ನೆರಳು.

"ಲ್ಯೂಮೆನ್ ಹೆಚ್ಚಿದ್ದರೆ ಎಲ್ಲವೂ ಸರಿ" ಎನ್ನುವವರಿದ್ದಾರೆ. ಬೆಳಕು ಹೆಚ್ಚಿದರೆ ಗೋಡೆ ಹಿಂದೆ ಸರಿಯುತ್ತದೆಯೇ? ಅಗ್ಗದ ಯಂತ್ರಗಳ ಜಾಹೀರಾತಿನಲ್ಲಿ ಅಚ್ಚಾಗುವ ಅಂಕಿಯನ್ನು ನಂಬಬೇಡಿ. ಆನ್ಸಿ ಲ್ಯೂಮೆನ್ ಎಷ್ಟೆಂದು ಕೇಳಿ. ಕಿಟಕಿಯ ಪರದೆ ಎಳೆದ ಸಣ್ಣ ಕೋಣೆಗೆ ಅಂಥ 2000 ಧಾರಾಳ. "ಓರೆಯಾಗಿಟ್ಟು ಕೀಸ್ಟೋನ್‌ನಿಂದ ನೆಟ್ಟಗೆ ಮಾಡೋಣ" ಎನ್ನುವವರೂ ಉಂಟು. ಅದು ಚಿತ್ರದ ಬಿಂದುಗಳನ್ನು ಕತ್ತರಿಸಿ ಮಾಡುವ ರಿಪೇರಿ. ಒತ್ತಕ್ಷರ ಮಸುಕಾದರೆ ಕನ್ನಡ ಕಲಿಯುವ ಮಗುವಿಗೆ ಉಳಿಯುವುದೇನು?

ಇನ್ನು ಕೆಲವರಿಗೆ ಗೋಡೆಗೇ ಅಂಟಿ ನಿಲ್ಲುವ ಅಲ್ಟ್ರಾ ಶಾರ್ಟ್ ಥ್ರೋ ಮೇಲೆ ಮೋಹ. ಅದರ ಬೆಲೆ ಸಾಮಾನ್ಯವಾಗಿ ಹೆಚ್ಚು. ಮೇಲಾಗಿ ಅದಕ್ಕೆ ಕನ್ನಡಿಯಂಥ ಸಮತಟ್ಟು ಬೇಕು. ಸುರುಳಿ ಪರದೆಯ ಸಣ್ಣ ಅಲೆಯೂ ಚಿತ್ರವನ್ನು ಸೊಟ್ಟಗಾಗಿಸುತ್ತದೆ. 20,000 ಗಂಟೆಯ ಲೇಸರ್ ದೀಪವೇ ಬೇಕೆಂಬ ಹಟವೂ ಇದೆ. ವಾರಕ್ಕೆ ಮೂರು ಗಂಟೆಯಂತೆ ವರ್ಷಕ್ಕೆ ನೂರೈವತ್ತು ಗಂಟೆ ಓಡಿಸುವವರಿಗೆ ಅದು ಸವೆಯಲು ನೂರಮೂವತ್ತು ವರ್ಷ ಬೇಕು! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಮೂರ್ಖರಲ್ಲ.

ಶಾರ್ಟ್ ಥ್ರೋಗೂ ಮಿತಿಯಿದೆ. ಹಲವು ಮಾದರಿಗಳಲ್ಲಿ ಝೂಮ್ ಇರುವುದಿಲ್ಲ. ಇಟ್ಟ ದೂರವೇ ಚಿತ್ರದ ಗಾತ್ರವನ್ನು ನಿರ್ಧರಿಸುತ್ತದೆ. ಆದ್ದರಿಂದಲೇ ಮೊದಲು ಅಳತೆ, ಅನಂತರ ಅಂಗಡಿ. ಕಡತ ಸಾಗಿಸುವ ಕಸುಬಿನ ನನಗೆ ಒಂದು ಮಾತು ಚೆನ್ನಾಗಿ ಗೊತ್ತು: ಅಗತ್ಯವೇನೆಂದು ಬರೆಯದೆ ಕೊಟೇಶನ್ ತರಿಸಿದರೆ, ಅಗತ್ಯವನ್ನು ಅಂಗಡಿಯವನೇ ಬರೆಯುತ್ತಾನೆ.

ಸದಸ್ಯ ಬಾಂಧವರೇ, ಈ ಹಣ ನಮ್ಮ ನಿಮ್ಮ ವಂತಿಗೆಯದು. ಪರನಾಡಿನಲ್ಲಿ ಕನ್ನಡ ಉಳಿಯುವುದು ಹಾರ-ತುರಾಯಿಯ ವೇದಿಕೆಯಲ್ಲಲ್ಲ, ಆ ಸಣ್ಣ ಕೋಣೆಯಲ್ಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬೆಲೆಪಟ್ಟಿಗಿಂತ ಮೊದಲು ಅಳತೆ ಟೇಪನ್ನು ಮೇಜಿನ ಮೇಲಿಡುವಂತೆ ಒತ್ತಾಯಿಸಿ.