ಮಸಾನಿಯವರೂ ನಾವು ಕಾರಕೂನರೂ

ಕಳೆದ ಸಂಚಿಕೆಯಲ್ಲಿ ಮನೆಯ ಖರ್ಚುವೆಚ್ಚದ ಬಗ್ಗೆ ನಾವು ಬರೆದದ್ದನ್ನು ಓದಿ ಸಂಘದ ಹಿರಿಯ ಸದಸ್ಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. “ಮನೆಯ ಖರ್ಚಿರಲಿ ರಾಯರೇ, ಸರಕಾರದ ಖರ್ಚಿನ ಬಗ್ಗೆ ಬರೆಯಿರಿ ನೋಡೋಣ. ಆದರೆ ನಿಮ್ಮಿಂದಾಗದು; ನಿಮ್ಮ ಪಗಾರವೂ ಅದರಲ್ಲೇ ಸೇರಿದೆಯಲ್ಲ!” ಎಂದರು. ಮಾತು ನಾಟಿತು. ಸರಕಾರದ ಅನ್ನ ಉಣ್ಣುವವನು ಸರಕಾರ ಚಿಕ್ಕದಾಗಲಿ ಎನ್ನಬಲ್ಲನೇ? ಪ್ರಯತ್ನಿಸಿ ನೋಡುವೆವು.

ಹಾಗೆ ಹೇಳಿದವರಲ್ಲಿ ನಮ್ಮ ಮುಂಬಯಿಯವರೇ ಆದ ಮೀನೂ ಮಸಾನಿಯವರು ಮುಖ್ಯರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲಿ ಅವರೂ ಒಬ್ಬರೆಂದರೆ ವಾಚಕರಿಗೆ ಅಚ್ಚರಿಯಾದೀತು. ಆ ದಾರಿ ಬಿಟ್ಟು ಬಂದು 1959ರಲ್ಲಿ ರಾಜಾಜಿಯವರೊಡನೆ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. 1963ರ ಉಪಚುನಾವಣೆಯಲ್ಲಿ ರಾಜಕೋಟದಿಂದ ಗೆದ್ದು ಲೋಕಸಭೆಗೆ ಹೋದರು. ತೆರಿಗೆ ಹಗುರಾಗಿರಲಿ, ಸರಕಾರ ಮಿತವಾಗಿ ಖರ್ಚು ಮಾಡಲಿ, ಲೈಸೆನ್ಸು ಪರ್ಮಿಟ್ಟುಗಳ ಕಾಟ ತಪ್ಪಲಿ, ಆಗ ಜನರೇ ದುಡಿಮೆ ಹುಟ್ಟಿಸಿಕೊಳ್ಳುತ್ತಾರೆ ಎಂಬುದು ಅವರ ವಾದದ ಸಾರ. ರಾಜರ, ಸಾಹುಕಾರರ ಪಕ್ಷವೆಂದು ಎದುರಾಳಿಗಳು ಮೂದಲಿಸಿದರೂ 1967ರಲ್ಲಿ ಅದಕ್ಕೆ 44 ಸ್ಥಾನಗಳು ಬಂದವು. ನಮ್ಮ ಉಡುಪಿಯೂ ಆ ವರ್ಷ ಅದೇ ಪಕ್ಷದ ಜೆ. ಎಂ. ಲೋಬೋ ಪ್ರಭು ಅವರನ್ನು ಆರಿಸಿ ಕಳಿಸಿತು. ಅವರು ಐ.ಸಿ.ಎಸ್. ಅಧಿಕಾರಿಯಾಗಿದ್ದವರು, ಅಂದರೆ ಸರಕಾರದ ಅಡುಗೆಮನೆಯನ್ನು ಒಳಗಿನಿಂದ ಕಂಡವರೇ.

ಪರ್ಮಿಟ್ಟಿನ ಮಾತು ಮೊದಲು ಎತ್ತಿಕೊಳ್ಳೋಣ, ಅದು ನಮಗೆ ಗೊತ್ತಿರುವ ವಿಷಯ. 1951ರ ಕೈಗಾರಿಕಾ ಕಾಯಿದೆಯ ಪ್ರಕಾರ ಪಟ್ಟಿಯಲ್ಲಿದ್ದ ಉದ್ಯಮಗಳಲ್ಲಿ ಹೊಸ ಕಾರಖಾನೆ ತೆರೆಯಲು ಲೈಸೆನ್ಸು, ಇದ್ದದ್ದನ್ನು ಗಣನೀಯವಾಗಿ ಹಿಗ್ಗಿಸಲು ಲೈಸೆನ್ಸು, ಹೊಸ ಸಾಮಾನು ತಯಾರಿಸಲೂ ಲೈಸೆನ್ಸು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಥೆಯನ್ನು ನಮ್ಮ ಮನೆಗಳ ಹಿರಿಯರು ಇಂದಿಗೂ ಹೇಳುತ್ತಾರೆ. ಫೈಲು ಕಟ್ಟುವ ನಾವು ಒಂದನ್ನು ಸೇರಿಸಬಲ್ಲೆವು: ‘ಆಗದು’ ಎನ್ನುವ ಅಧಿಕಾರ ಒಂದು ಮೇಜಿಗೆ ಬಂದೊಡನೆ ‘ಆಗಲಿ’ ಎಂಬ ಮಾತಿಗೆ ಬೆಲೆ ಹುಟ್ಟುತ್ತದೆ. ದೊಡ್ಡವನು ದಿಲ್ಲಿಯಲ್ಲಿ ಆಳನ್ನಿಟ್ಟು ಆ ಬೆಲೆಯನ್ನು ಕೊಟ್ಟಾನು. ಸಣ್ಣವನು ಕಿಡಕಿಯ ಮುಂದೆ ನಿಂತೇ ಇರುತ್ತಾನೆ.

ಬಂಗಾರದ ನಿಯಂತ್ರಣವನ್ನೇ ನೋಡಿರಿ. ಚೀನದ ಯುದ್ಧವಾದ ಮೇಲೆ, 1963ರ ಜನವರಿಯಲ್ಲಿ, 14 ಕ್ಯಾರೆಟ್ಟಿಗಿಂತ ಹೆಚ್ಚು ಅಪ್ಪಟವಾದ ಹೊಸ ಆಭರಣ ಮಾಡಕೂಡದೆಂದು ಸರಕಾರ ಆಜ್ಞೆ ಹೊರಡಿಸಿತು. ಉದ್ದೇಶ ಕೆಟ್ಟದ್ದೆಂದು ಹೇಳಲಾರೆವು. ಬಂಗಾರದ ಮೋಹ ತಗ್ಗಬೇಕು, ಕಳ್ಳಸಾಗಣೆ ನಿಲ್ಲಬೇಕು, ವಿದೇಶೀ ಹಣ ಉಳಿಯಬೇಕು. ಆದರೆ 14 ಕ್ಯಾರೆಟ್ಟಿನ ತಾಳಿಯನ್ನು ಯಾವ ತಾಯಿ ಮಗಳ ಕೊರಳಿಗೆ ಕಟ್ಟಿಸಿಯಾಳು? ಕಳ್ಳಸಾಗಣೆ ನಿಲ್ಲಲಿಲ್ಲ, ನಿಂತದ್ದು ಪತ್ತಾರನ ಕುಲುಮೆ. ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಬರಬರುತ್ತ ಆಜ್ಞೆಯನ್ನು ಸಡಿಲಿಸಿದರಾದರೂ 1968ರಲ್ಲಿ ಮತ್ತೊಂದು ಕಾಯಿದೆ ಬಂತು, ಅದು ರದ್ದಾದದ್ದು 1990ರಲ್ಲಿ. ನಿಯಂತ್ರಣವು ನೌಕರಿಯನ್ನು ನುಂಗುತ್ತದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. 1991ರ ಜುಲೈ 24ರಂದು ಬಹುಪಾಲು ಉದ್ಯಮಗಳಿಗೆ ಲೈಸೆನ್ಸಿನ ಕಟ್ಟು ತಪ್ಪಿತು. ಮಸಾನಿಯವರಿಗೆ ಆಗ 85 ವರ್ಷ. ತಮ್ಮ ಮಾತು ನಡೆದದ್ದನ್ನು ಕಂಡೇ ಅವರು 1998ರಲ್ಲಿ ತೀರಿಕೊಂಡರು.

ತೆರಿಗೆಯ ವಿಚಾರದಲ್ಲಿಯೂ ಕಾಲ ಅವರ ಕಡೆಗೇ ವಾಲಿತು. 1973-74ರಲ್ಲಿ ಆದಾಯದ ಮೇಲಿನ ಮಜಲಿನಲ್ಲಿ ನೂರು ರೂಪಾಯಿಗೆ 97 ರೂ. 75 ಪೈಸೆ ತೆರಿಗೆಯಿತ್ತು! ಅಷ್ಟನ್ನು ಪ್ರಾಮಾಣಿಕವಾಗಿ ಕಟ್ಟಿದವರೆಷ್ಟು ಮಂದಿಯೋ ದೇವರೇ ಬಲ್ಲ. ಈಗ ಹೊಸ ಪದ್ಧತಿಯಲ್ಲಿ, 2025-26ರಿಂದ, ವರ್ಷಕ್ಕೆ 12 ಲಕ್ಷದವರೆಗೆ ದುಡಿಯುವವನು ಸಾಮಾನ್ಯವಾಗಿ ಆದಾಯ ತೆರಿಗೆ ಕಟ್ಟಬೇಕಿಲ್ಲ. ಹಾಗೆಂದು ತೆರಿಗೆಯೇ ಇಲ್ಲವೆಂದು ಬೀಗುವುದು ಬೇಡ. ಸಾಬೂನು ಕೊಂಡರೂ ಜಿ.ಎಸ್.ಟಿ. ತೆರುತ್ತೇವೆ, ನಮ್ಮ ಮನೆಯ ಭಾಂಡಿ ತಿಕ್ಕುವವಳೂ ಅಷ್ಟೇ ತೆರುತ್ತಾಳೆ.

ಇಷ್ಟು ದೂರ ಮಸಾನಿಯವರ ಜೊತೆಗೆ ನಡೆದೆವು. ನೌಕರಿಯ ಮಾತಿಗೆ ಬಂದಾಗ ನಮ್ಮ ಹೆಜ್ಜೆ ತಡೆಯುತ್ತದೆ. ಭಾರೀ ಕಾರಖಾನೆಗಳಿಗೆ ಸುರಿಯುವ ಹಣವನ್ನು ಒಕ್ಕಲುತನಕ್ಕೂ ಸಣ್ಣ ಉದ್ಯೋಗಗಳಿಗೂ ಬಿಟ್ಟರೆ ಹೆಚ್ಚು ಕೈಗಳಿಗೆ ಕೆಲಸ ಸಿಕ್ಕೀತು ಎಂದು ಅವರ ಪಕ್ಷ ವಾದಿಸುತ್ತಿತ್ತು. ಅದು ಇದ್ದೀತು. ಆದರೆ ಖಾಸಗಿಯವರು ಕೊಟ್ಟ ಕೆಲಸ ಉಳಿಯುತ್ತದೆಂಬ ಭರವಸೆ ಎಲ್ಲಿ? 1982ರ ಜನವರಿಯಲ್ಲಿ ಮುಂಬಯಿಯ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರ ಹೂಡಿದರು. ಅದರಲ್ಲಿ ಸಾವಿರ ಸಾವಿರ ಜನರ ಕೆಲಸ ಹೋಯಿತು. ಒಂದೊಂದಾಗಿ ಗಿರಣಿಗಳು ಮುಚ್ಚಿದವು, ಅವುಗಳ ನೆಲದ ಮೇಲೆ ಇಂದು ಮಾಲುಗಳು ನಿಂತಿವೆ. ಅದನ್ನು ಕಂಡ ತಂದೆತಾಯಿಗಳೇ “ಹೇಗಾದರೂ ಮಾಡಿ ಸರಕಾರಿ ನೌಕರಿ ಹಿಡಿ ತಮ್ಮಾ” ಎಂದು ನಮ್ಮಂಥವರ ಬೆನ್ನು ಹತ್ತಿದ್ದು. ಊರು ಬಿಟ್ಟು ಬಂದವರಿಗೆ ಹೊಲವಿಲ್ಲ, ಅಣ್ಣತಮ್ಮಂದಿರ ಆಸರೆಯಿಲ್ಲ. ತಿಂಗಳ ಕೊನೆಯ ಪಗಾರವೊಂದೇ ನೆಲೆ.

ಖರ್ಚು ಕಡಿಮೆ ಮಾಡಲು ಸರಕಾರ ಕಲಿಯಲಿಲ್ಲವೆಂದಲ್ಲ, ಕಲಿತಿದೆ. 2004ರ ಜನವರಿ 1ರಿಂದ ಕೇಂದ್ರ ಸರಕಾರದ ಸೇವೆಗೆ ಸೇರಿದ ನಮ್ಮಂಥವರಿಗೆ ಹಳೆಯ ಪೆನ್‌ಶನ್ನಿಲ್ಲ. ಮೂಲ ಪಗಾರ ಮತ್ತು ತುಟ್ಟಿಭತ್ತೆಯಲ್ಲಿ ನೂರಕ್ಕೆ ಹತ್ತು ನಾವೇ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಬೇರೊಂದು ಯೋಜನೆಯನ್ನು ಆರಿಸಿಕೊಳ್ಳುವ ಅವಕಾಶ ಬಂದಿದೆ, ಕಟ್ಟುವುದು ಮಾತ್ರ ತಪ್ಪಿಲ್ಲ.

ಮಸಾನಿಯವರಿದ್ದರೆ ಮಿತವ್ಯಯವನ್ನು ಎಲ್ಲಿಂದ ಪ್ರಾರಂಭಿಸುತ್ತಿದ್ದರೋ! 1967ರಲ್ಲಿ ಅವರು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾದರು, ವಿರೋಧ ಪಕ್ಷದಿಂದ ಬಂದ ಮೊದಲಿಗರು. ಮಂಜೂರಾದ ಹಣ ಮಂಜೂರಾದ ಕೆಲಸಕ್ಕೇ ಹೋಯಿತೇ, ಎಲ್ಲಿ ಪೋಲಾಯಿತು ಎಂದು ಆಡಿಟ್ ವರದಿ ಹಿಡಿದು ದೊಡ್ಡ ದೊಡ್ಡ ಅಧಿಕಾರಿಗಳನ್ನು ಕೇಳುವ ಸಮಿತಿ ಅದು. ಲೆಕ್ಕ ಕೇಳುವುದು ಮೇಲಿನಿಂದ. ನಮ್ಮ ಕಚೇರಿಯಲ್ಲಿ ಕತ್ತರಿ ಬಿದ್ದದ್ದು ಕೆಳಗಿನಿಂದ: ಮೊದಲು ಸಿಪಾಯಿ, ಆಮೇಲೆ ಝಾಡಮಾಲಿ, ಆಮೇಲೆ ಡ್ರೈವರ್. ಆ ಜಾಗಗಳು ಖಾಯಂ ಆಗಿ ಉಳಿಯಲಿಲ್ಲ. ಅದೇ ಕೆಲಸವನ್ನು ಈಗ ಗುತ್ತಿಗೆದಾರನ ಆಳುಗಳು ಮಾಡುತ್ತಾರೆ.

ಫೈಲು ಹೊತ್ತು ತರುವ ಹುಡುಗನ ಪಗಾರ ಗುತ್ತಿಗೆದಾರನ ಬಿಲ್ಲು ಪಾಸಾದ ಮೇಲೆಯೇ. ಒಂದೊಂದು ತಿಂಗಳು ಹದಿನೈದು ದಿನ ಮೀರುತ್ತದೆ. ಆ ಬಿಲ್ಲು ನಮ್ಮ ಮೇಜನ್ನು ದಾಟಿ ಹೋಗಬೇಕು. ಬಂದ ದಿನವೇ ಸಹಿ ಮಾಡಿ ಮೇಲಕ್ಕೆ ಕಳಿಸುತ್ತೇವೆ. ಫೈಲನ್ನು ಹೊತ್ತೊಯ್ಯುವವನು ಆ ಹುಡುಗನೇ.